ಡಬ್ಬಿಯಿಂದಾದ ಸ್ಪಿರಿಟ್ ಒಲೆ

ಸೇಡಂ ರಸ್ತೆ ಹಿಡಿದು ಮಳಖೇಡದ ಕೋಟೆಯನ್ನು ನೋಡಹೋಗುವ ಬಾಲಿಕೆಯರಿಗೂ, ಚಿಂಚೋಳಿಯ ಕಡೆ ಬಿಡಾರ ಹೂಡುವ ಗೈಡ್ ದಳದವರಿಗೂ ಚಹದ ನೀರು ಕಾಸುವದು ಹೇಗೆಂಬ ಚಿಂತೆಯು ಮೊದಲಿನದು. ನಮ್ಮ ಈ ಬಯಲುಸೀಮೆಯಲ್ಲಿ ಕಟ್ಟಿಗೆಯು ಸುಲಭವಾಗಿ ದೊರೆಯುವಂಥದಲ್ಲ. ಚಿಂಚೋಳಿಯ ಅರಣ್ಯವಾದರೋ 2011ರಲ್ಲಿ ವನ್ಯಜೀವಿಧಾಮವಾದುದರಿಂದ, ಅದರೊಳಗೆ ಅಪ್ಪಣೆಯಿಲ್ಲದೆ ಯಾವ ಬೆಂಕಿಯನ್ನೂ ಹೊತ್ತಿಸಲಾಗದು. ಹೊರಗಿನ ಬಿಡಾರಗಳಲ್ಲಿ ಬಳಸಲೆಂದು ಪಾನೀಯದ ಖಾಲಿ ಡಬ್ಬಿಯನ್ನು ಕತ್ತರಿಸಿ, ಅದರಲ್ಲಿ ಸ್ಪಿರಿಟ್ ಸುರಿದು ಉರಿಸುವ ಚಿಕ್ಕ ಒಲೆಯನ್ನು ತಾವೇ ಮಾಡಿಕೊಳ್ಳುವ ಪದ್ಧತಿಯು ಈಗ ಕಾಲ್ನಡೆಯ ಪ್ರವಾಸಿಗಳಲ್ಲಿ ಹಬ್ಬಿದೆ. ಇದನ್ನು ಮಗಳ ಕೈಗೆ ಕೊಡಬಹುದೋ ಬಾರದೋ ಎಂದು ಕೇಳುವ ತಾಯಂದಿರಿಗೆ, ಈ ಒಲೆಯ ಗುಣವನ್ನೂ ಅದರ ಅಪಾಯವನ್ನೂ ನಾವು ಕೂಡಿಯೇ ಹೇಳಬೇಕಾಗಿದೆ.

ಸ್ಪಿರಿಟ್ ಎಂಬುದು ಮದ್ಯಸಾರವೇ. ಹೆಸರು ಕೇಳಿ ಹುಬ್ಬೇರಿಸುವವರು ಸ್ವಲ್ಪ ತಾಳಬೇಕು; ಶಾಲೆಯ ಪ್ರಯೋಗಶಾಲೆಯಲ್ಲಿ ಗಾಜಿನ ದೀಪದೊಳಗೆ ನೀಲಿಯಾಗಿ ಉರಿಯುತ್ತಿದ್ದುದು ಇದೇ. ನಮ್ಮ ದೇಶದಲ್ಲಿ ಇದನ್ನು ಸಕ್ಕರೆ ಕಾರಖಾನೆಯ ಕಾಕಂಬಿಯಿಂದಲೂ ಭಟ್ಟಿಯಿಳಿಸುವರು. ಉರುವಲಿಗೆಂದು ಮಾರುವ ಸ್ಪಿರಿಟಿಗೆ ಯಾರೂ ಕುಡಿಯಬಾರದೆಂದು ಪಿರಿಡೀನ್ ಮುಂತಾದ ದುರ್ಗಂಧದ ದ್ರವ್ಯಗಳನ್ನು ಬೆರೆಸುವರು. ಕೆಲವದರಲ್ಲಿ ಮೆಥನಾಲ್ ಇರುವದು. ಅದು ಘೋರವಿಷ, ಸ್ವಲ್ಪವೇ ಹೊಟ್ಟೆಗೆ ಹೋದರೂ ಕಣ್ಣು ಕಳೆಯಬಲ್ಲದು. ಆದುದರಿಂದ ಸ್ಪಿರಿಟನ್ನು ನೀರಿನ ಬಾಟಲಿಯಲ್ಲಿ ತುಂಬಿ ಒಯ್ಯುವ ಅಭ್ಯಾಸವನ್ನು ನಾವು ಸರ್ವಥಾ ಒಪ್ಪುವದಿಲ್ಲ.

ಹಳೆಯ ಮನೆಗಳಲ್ಲಿಯೂ ಸ್ಪಿರಿಟಿಗೆ ಒಲೆಯ ಸಂಬಂಧವಿತ್ತು. ಸ್ವೀಡನ್ ದೇಶದ ಲಿಂಡ್‌ಕ್ವಿಸ್ಟ್ ಎಂಬವನು 1892ರಲ್ಲಿ ಬಳಕೆಗೆ ತಂದ ಪ್ರೈಮಸ್ ಎಂಬ ಪಂಪ್ ಸ್ಟವ್ವನ್ನು ಹೊತ್ತಿಸುವ ಮುಂಚೆ, ಅದರ ಬಟ್ಟಲಿನಲ್ಲಿ ತುಸು ಸ್ಪಿರಿಟ್ ಉರಿಸಿ ಕೊಳವೆಯನ್ನು ಕಾಯಿಸಬೇಕಾಗಿತ್ತು. ಕಾಯದಿದ್ದರೆ ಸೀಮೆಎಣ್ಣೆಯು ಆವಿಯಾಗದೆ ದ್ರವವಾಗಿಯೇ ಚಿಮ್ಮಿ ಎತ್ತರಕ್ಕೆ ಉರಿಯೆಬ್ಬಿಸುತ್ತಿತ್ತು. ಸ್ಟವ್ವಿನ ಬೆಂಕಿಗೆ ಸೆರಗು ತಗುಲಿ ಸುಟ್ಟುಕೊಂಡ ಹೆಣ್ಣುಮಕ್ಕಳ ಕಥೆಯನ್ನು ಕೇಳದ ಓಣಿಯು ಆ ಕಾಲದಲ್ಲಿ ಇದ್ದಿರಲಾರದು.

ಡಬ್ಬಿಯ ಒಲೆಗೆ ಪಂಪೂ ಬೇಡ, ಒತ್ತಡವೂ ಬೇಡ. ಮದ್ಯಸಾರವು 78 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುವದು. ಇಲ್ಲಿ ಎಲ್ಲಕ್ಕೂ ಸರಳವಾದ ಬಗೆಯನ್ನು ಹೇಳುವೆವು. ಅಂಗೈಯಗಲದ, ಗಿಡ್ಡನೆಯ ಗಟ್ಟಿ ತಗಡಿನ ಡಬ್ಬಿಯನ್ನು ತೆಗೆದುಕೊಂಡು, ಮೇಲಂಚಿನ ಕೆಳಗೆ ಸುತ್ತಲೂ ಸಮಾನ ಅಂತರದಲ್ಲಿ ಸಣ್ಣ ತೂತುಗಳನ್ನು ಕೊರೆಯಬೇಕು. ಕತ್ತರಿಸಿದ ಅಂಚನ್ನು ಉಜ್ಜಿ ನುಣುಪುಗೊಳಿಸದಿದ್ದರೆ ಬೆರಳು ಕೊಯ್ಯುವದು ನಿಶ್ಚಯ. ಒಳಗೆ ಸ್ಪಿರಿಟ್ ಸುರಿದು ಹೊತ್ತಿಸಿದಾಗ ಮೊದಲು ಜ್ವಾಲೆಯು ನಡುವೆಯೇ ಸೋಮಾರಿಯಾಗಿ ಆಡುತ್ತಿರುವದು. ಅರ್ಧ ನಿಮಿಷದಿಂದ ಒಂದು ನಿಮಿಷದೊಳಗೆ ತಗಡು ಕಾಯ್ದು, ಆವಿಯು ಹೆಚ್ಚಿ, ಉರಿಯು ಬಲಗೊಳ್ಳುವದು. ಆಗ ಪಾತ್ರೆಯನ್ನು ಡಬ್ಬಿಯ ಮೇಲೆಯೇ ಇಟ್ಟರೆ, ಬಾಯಿ ಮುಚ್ಚಿದ ಆವಿಯು ಪಕ್ಕದ ತೂತುಗಳಿಂದ ಹೊರಬಂದು ಹೂವಿನ ದಳಗಳಂತೆ ಉರಿಯುವದು. ಅವಸರದಿಂದ ಮೊದಲೇ ಪಾತ್ರೆಯಿಟ್ಟರೆ ಒಲೆಯು ಆರಿಹೋಗುವದು. ಪಾನೀಯದ ಡಬ್ಬಿಗಳೆರಡರ ತಳಗಳನ್ನು ಒಂದರೊಳಗೊಂದು ಸೇರಿಸಿ ಮಾಡುವ ಜೋಡುಗೋಡೆಯ ಒಲೆಯು ಇನ್ನೂ ಹಗುರ. ಆದರೆ ಕೈಯೊತ್ತಿದರೆ ಸಾಕು, ಕುಗ್ಗುವದು. 1925ರಲ್ಲಿ ಸ್ವೀಡನ್ನಿನಲ್ಲಿ ಸ್ಥಾಪಿತವಾದ ಟ್ರಾಂಜಿಯಾ ಕಂಪನಿಯು ಇದೇ ತತ್ತ್ವದ ಹಿತ್ತಾಳೆಯ ಒಲೆಗಳಿಗೆ ಹೆಸರಾಗಿದೆ.

ಎಷ್ಟು ಸ್ಪಿರಿಟ್ ಬೇಕೆಂಬುದನ್ನು ಲೆಕ್ಕಿಸಬಹುದು. 30 ಡಿಗ್ರಿಯ ಅರ್ಧ ಲೀಟರ್ ನೀರನ್ನು ಕುದಿಸಲು ಸುಮಾರು 145 ಕಿಲೋಜೂಲ್ ಶಾಖ ಬೇಕು. ಒಂದು ಗ್ರಾಂ ಮದ್ಯಸಾರವು ಸುಮಾರು 27 ಕಿಲೋಜೂಲ್ ಕೊಡುವದು. ಶಾಖದಲ್ಲಿ ಅರ್ಧವು ಗಾಳಿಗೆ ಹೋಯಿತೆಂದಿಟ್ಟುಕೊಂಡರೂ 11 ಗ್ರಾಂ, ಅಂದರೆ 14 ಮಿಲಿಲೀಟರ್ ಸಾಕು. ನಮ್ಮ ಬಯಲಿನ ಗಾಳಿಗೆ ಇದು ಸಾಲದು. ಸುತ್ತಲೂ ತಗಡಿನ ಮರೆ ಕಟ್ಟಿ 20 ಮಿಲಿಲೀಟರ್ ಹಿಡಿಯುವದು ಲೇಸು. ಸೀಮೆಎಣ್ಣೆಯು ತೂಕಕ್ಕೆ ಸುಮಾರು 43 ಕಿಲೋಜೂಲ್ ಕೊಡುವದರಿಂದ ಸ್ಪಿರಿಟಿನ ಉರಿಯು ಮಂದವೆಂಬುದು ಸತ್ಯ. ಚಹಕ್ಕೂ ಉಪ್ಪಿಟ್ಟಿಗೂ ಅದು ಸಾಲುವದು, ಜೋಳದ ರೊಟ್ಟಿಯ ಹಂಚಿಗೆ ಸಾಲದು. ಪಾತ್ರೆಯ ತಳಕ್ಕೆ ಮಸಿ ಹಿಡಿಯದೆಂಬ ಗುಣವನ್ನು ಮಾತ್ರ ಪಾತ್ರೆ ತಿಕ್ಕುವ ಸರದಿಯವರು ಮೆಚ್ಚದೆ ಇರರು.

ಇನ್ನು ಅಪಾಯದ ಮಾತು. ಸ್ಪಿರಿಟಿನ ಜ್ವಾಲೆಯು ಹಗಲಿನ ಬಿಸಿಲಿನಲ್ಲಿ ಕಣ್ಣಿಗೆ ಕಾಣುವದೇ ಇಲ್ಲ. ಒಲೆ ಆರಿತೆಂದು ತಿಳಿದು ಬಾಟಲಿಯಿಂದ ಮತ್ತೆ ಸುರಿಯುವಾಗ, ಉರಿಯು ಧಾರೆಯನ್ನೇ ಹಿಡಿದು ಬಾಟಲಿಯೊಳಗೆ ಹೊಕ್ಕು, ಅಲ್ಲಿಯ ಆವಿಯನ್ನು ಹೊತ್ತಿಸಿ, ಬೆಂಕಿಯ ಪಿಚಕಾರಿಯಾಗಿ ಎದುರಿಗಿದ್ದವರ ಮೈಮೇಲೆ ಹಾರುವದು. ಅಮೆರಿಕದ ಡೆನ್ವರ್ ನಗರದ ಶಾಲೆಯೊಂದರಲ್ಲಿ 2014ರಲ್ಲಿ ಮೆಥನಾಲಿನ ಪ್ರಯೋಗ ಮಾಡುವಾಗ ಹೀಗೆಯೇ ವಿದ್ಯಾರ್ಥಿಗಳು ಸುಟ್ಟುಕೊಂಡರು. ಇದಕ್ಕೆ ಉಪಾಯವೊಂದೇ: ಬೇಕಾದಷ್ಟನ್ನು ಚಿಕ್ಕ ಅಳತೆಪಾತ್ರೆಯಲ್ಲಿ ತೆಗೆದುಕೊಂಡು ಸುರಿಯಬೇಕು, ಬಾಟಲಿಗೆ ಮುಚ್ಚಳ ಹಾಕಿ ದೂರವಿಟ್ಟ ಮೇಲೆಯೇ ಕಡ್ಡಿ ಗೀರಬೇಕು, ಒಲೆ ಪೂರ್ತಿ ತಣ್ಣಗಾಗುವ ತನಕ ಮತ್ತೆ ತುಂಬಬಾರದು.

ಚಳಿದೇಶದವರು ಬರೆದ ಪುಸ್ತಕಗಳಲ್ಲಿ ಸ್ಪಿರಿಟನ್ನು ಹೊತ್ತಿಸುವ ಮುಂಚೆ ಬಾಟಲಿಯನ್ನು ಅಂಗಿಯೊಳಗಿಟ್ಟು ಬೆಚ್ಚಗೆ ಮಾಡಿರೆಂಬ ಸೂಚನೆಯಿರುವದು. ಕಲಬುರ್ಗಿಯವರು ಅದನ್ನು ಓದಿ ನಕ್ಕು ಬಿಡಬೇಕು. ಸುಮಾರು 15 ಡಿಗ್ರಿಯಲ್ಲಿಯೇ ಅದರ ಆವಿಗೆ ಕಿಡಿ ಸಾಕಾಗುವದು. ನಮ್ಮ ವೈಶಾಖದಲ್ಲಿ 40 ಡಿಗ್ರಿಯನ್ನು ಮೀರುವ ಸೆಕೆಗೆ ಅದು ತೆರೆದ ಬಟ್ಟಲಿನಿಂದ ನೋಡನೋಡುತ್ತಲೇ ಆವಿಯಾಗುವದು. ದುಪಟ್ಟಾ, ಸೆರಗು, ಬಿಚ್ಚುಗೂದಲುಗಳನ್ನು ಕಟ್ಟಿಕೊಂಡೇ ಒಲೆಯ ಬಳಿ ಕೂಡತಕ್ಕದ್ದು. ಗುಡಾರದೊಳಗೆ ಉರಿಸಿದರೆ ಬಟ್ಟೆಗೆ ಬೆಂಕಿಯ ಭಯ ಒಂದಾದರೆ, ಅರೆಬೆಂದ ಉರಿಯಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿನ ಭಯ ಇನ್ನೊಂದು.

ಆರಿಸುವದಕ್ಕೆ ದೊಡ್ಡ ಪಾತ್ರೆಯನ್ನು ಬೋರಲು ಹಾಕುವದೇ ಉತ್ತಮ. ನೀರಿನೊಡನೆ ಸ್ಪಿರಿಟ್ ಬೆರೆಯುವದಾದರೂ ಸಮಸಮವಾಗಿ ಬೆರೆತ ಮೇಲೆಯೂ ಅದು ಉರಿಯಬಲ್ಲದು. ಈ ಗುಣವನ್ನೇ ಹಿಡಿದು, ಸಾತಾರಾ ಜಿಲ್ಲೆಯ ಫಲಟಣದಲ್ಲಿರುವ ನಿಂಬಕರ ಕೃಷಿ ಸಂಶೋಧನ ಸಂಸ್ಥೆಯಲ್ಲಿ ಅನಿಲ ರಾಜವಂಶಿಯವರು ಅರ್ಧ ನೀರು ಬೆರೆತ ಮದ್ಯಸಾರದಿಂದ ನಡೆಯುವ ಅಡಿಗೆಯ ಒಲೆಯನ್ನು ರೂಪಿಸಿದರು. ಆ ಸಂಸ್ಥೆಯು ಮದ್ಯಸಾರಕ್ಕೆಂದು ಬೆಳೆಸಿದ್ದು ಸಿಹಿಜೋಳ. ಕಾಳು ಮನುಷ್ಯರಿಗೆ, ದಂಟಿನ ರಸ ಒಲೆಗೆ. ಜೋಳದ ನಾಡಿನವರಾದ ನಮಗೆ ಇದು ಕೌತುಕದ ಸಂಗತಿ. ಆದರೂ ಅಬಕಾರಿಯ ಕಟ್ಟಳೆಗಳಿಂದಾಗಿ ಇಂಥ ಒಲೆಯು ಅಡಿಗೆಮನೆಗಳಿಗೆ ಬರಲು ಕಷ್ಟವಾಗಿದೆ.

ನಮ್ಮಲ್ಲಿಯೂ ಸ್ಪಿರಿಟ್ ವ್ಯವಹಾರವು 1965ರ ಕರ್ನಾಟಕ ಅಬಕಾರಿ ಕಾಯಿದೆಗೆ ಒಳಪಟ್ಟಿದೆ. ಪ್ರವಾಸ ಏರ್ಪಡಿಸುವ ಶಿಕ್ಷಕಿಯರು ಅದನ್ನು ಪರವಾನಗಿಯುಳ್ಳ ಅಂಗಡಿಯಿಂದ, ರಸೀದಿಯೊಡನೆ, ಬೇಕಾದಷ್ಟನ್ನು ಮಾತ್ರ ಕೊಳ್ಳಬೇಕು. ರೈಲಿನಲ್ಲಿ ಇದನ್ನು ಒಯ್ಯುವದು ನಿಷಿದ್ಧ. ಸೇಡಮ್ಮಿಗೆ ರೈಲಿನಿಂದ ಹೋಗುವ ತಂಡದವರು ಖಾಲಿ ಡಬ್ಬಿಯನ್ನಷ್ಟೇ ಚೀಲದಲ್ಲಿಟ್ಟುಕೊಳ್ಳಬಹುದು.