ನಿಮಗಿದು ಗೊತ್ತೆ? ಸೊಂಡಿಲಿ ವೇಷದಲ್ಲಿ ನಾಯಿಗಳು!

1959ರ ಅಮೆರಿಕನ್ ಚಿತ್ರ ‘ದಿ ಕಿಲ್ಲರ್ ಶ್ರೂಸ್’ನಲ್ಲಿ ಮನುಷ್ಯರನ್ನು ಅಟ್ಟಾಡಿಸುವ ದೈತ್ಯ ಸೊಂಡಿಲಿಗಳು ಅಸಲಿಗೆ ನಾಯಿಗಳು! ಯಂತ್ರದ ಪ್ರಾಣಿ ಮಾಡಿಸಲು ದುಡ್ಡಿರಲಿಲ್ಲ. ನಾಯಿಗಳ ಮೈಮೇಲೆ ಉದ್ದ ಕೂದಲಿನ ಹೊದಿಕೆ ಕಟ್ಟಿ ಕ್ಯಾಮೆರಾ ಮುಂದೆ ಓಡಿಸಿದರು. ಗೋಡೆಯ ಸಂದಿಯಿಂದ ಕೋರೆಹಲ್ಲು ತೋರಿಸುತ್ತ ನುಗ್ಗುವ ತಲೆ ಮಾತ್ರ ಕೈಗೊಂಬೆ.

ಚಿತ್ರೀಕರಣ ನಡೆದದ್ದು ಟೆಕ್ಸಾಸ್‌ನಲ್ಲಿ. ಕಥೆಯ ವಿಜ್ಞಾನಿಯ ಉದ್ದೇಶ ಕೆಟ್ಟದ್ದೇನಲ್ಲ. ಜನಸಂಖ್ಯೆ ಹೆಚ್ಚಿದರೂ ಎಲ್ಲರಿಗೂ ಅನ್ನ ಸಾಲಬೇಕು, ಅದಕ್ಕೆ ಮನುಷ್ಯನ ಗಾತ್ರವನ್ನೇ ಕುಗ್ಗಿಸಬೇಕು ಎಂಬುದು ಅವನ ಲೆಕ್ಕ. ಪ್ರಯೋಗ ತಿರುಗುಬಾಣವಾಗಿ ಸೊಂಡಿಲಿಗಳೇ ಬೆಳೆದುಬಿಡುತ್ತವೆ. ಬದುಕುಳಿದವರು ಕಬ್ಬಿಣದ ಡ್ರಮ್ಮುಗಳನ್ನು ಬೋರಲು ಹಾಕಿ, ಒಂದಕ್ಕೊಂದು ಜೋಡಿಸಿ, ಅದರೊಳಗೆ ಬಗ್ಗಿಕೊಂಡೇ ಕಡಲತೀರಕ್ಕೆ ನಡೆಯುತ್ತಾರೆ. ಇಡೀ ಚಿತ್ರದ ಅತ್ಯುತ್ತಮ ದೃಶ್ಯ ಅದೇ.

ನಿರ್ದೇಶಕ ರೇ ಕೆಲಾಗ್ ಹೊಸಬರಲ್ಲ. ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸ್ಟುಡಿಯೋದ ವಿಶೇಷ ಪರಿಣಾಮ ವಿಭಾಗದ ಮುಖ್ಯಸ್ಥರಾಗಿದ್ದವರು. ಅದೇ ವರ್ಷ ಅವರು ತೆಗೆದ ‘ದಿ ಜೈಂಟ್ ಗಿಲಾ ಮಾನ್‌ಸ್ಟರ್’ ಚಿತ್ರದಲ್ಲಿ ರಾಕ್ಷಸನಾಗಿ ನಟಿಸಿದ್ದು ಒಂದು ಜೀವಂತ ಹಲ್ಲಿ. ಅದು ಹರಿದಾಡಿದ್ದು ಆಟಿಕೆಯಷ್ಟು ಚಿಕ್ಕ ಸೆಟ್‌ಗಳ ನಡುವೆ. ಹೆಸರಿನಲ್ಲಿ ಗಿಲಾ ಇದ್ದರೂ, ತೆರೆಯ ಮೇಲಿದ್ದದ್ದು ಅದರ ಹತ್ತಿರದ ನೆಂಟ ಮೆಕ್ಸಿಕನ್ ಬೀಡೆಡ್ ಹಲ್ಲಿ!