ಕಾವಿ ಪುಡಿಗೂ ಉಂಟು ಕುಲಗೋತ್ರ!

ಕೊಕ್ಕಡ ಪೇಟೆಯಲ್ಲಿ ಧರ್ಮಸ್ಥಳದ ಬಸ್ಸಿಗೋ ನೆಲ್ಯಾಡಿಯ ಬಸ್ಸಿಗೋ ಕಾಯುವವರಿಗೆ ಒಂದು ಸಣ್ಣ ಪ್ರಶ್ನೆ. ಅಂಗಡಿ ಮಾಡಿಗೆ ಹಾಕಿದ ತಗಡಿನ ಶೀಟು, ಮನೆಯಂಗಳಕ್ಕೆ ಹಾಸಿದ ಕೆಂಪು ಇಂಟರ್‌ಲಾಕ್, ಬಸ್ಸಿನೊಳಗೆ ಹಾಡು ಹೇಳುವ ಸ್ಪೀಕರು. ಈ ಮೂರಕ್ಕೂ ಎಂತ ಸಂಬಂಧ? ಕೇಳಿದರೆ ಯಾರಾದರೂ ನಗಾಡಿಯಾರು. ಆದರೆ ಸಂಬಂಧ ಉಂಟು ಮಾರಾಯ್ರೇ. ಮೂರೂ ಒಂದೇ ಹೊಟ್ಟೆಯ ಮಕ್ಕಳಾಗಿರಬಹುದು.

ಹೇಗೆ? ಉಕ್ಕಿನ ಕಾರ್ಖಾನೆಯಲ್ಲಿ ಶೀಟು ತಯಾರಾಗುವಾಗ ಅದರ ಜೊತೆಗೇ ಒಂದು ಕೆಂಪು ಪುಡಿ ಹುಟ್ಟುತ್ತದೆ. ಹೆಸರು ಐರನ್ ಆಕ್ಸೈಡ್. ನಮ್ಮ ಬಾಯಲ್ಲಿ ಕಾವಿ, ರೆಡ್ ಆಕ್ಸೈಡ್. ಈ ಪುಡಿ ನೆಲಕ್ಕೂ ಹೋಗುತ್ತದೆ, ಪೈಂಟಿಗೂ ಹೋಗುತ್ತದೆ, ಸ್ಪೀಕರಿನ ಅಯಸ್ಕಾಂತಕ್ಕೂ ಹೋಗುತ್ತದೆ. ಕಾರ್ಖಾನೆಯವರ ಲೆಕ್ಕದಲ್ಲಿ ಅದು ಉಪ ಉತ್ಪನ್ನ. ಕೊಂಡವನಿಗೆ ಅದೇ ಬಂಡವಾಳ.

ಈ ಊರಿನವರಿಗೆ ಐರನ್ ಆಕ್ಸೈಡ್ ಹೊಸ ನೆಂಟನಲ್ಲ. ಮನೆ ಕಟ್ಟುವ ಮುರಕಲ್ಲು ಕೆಂಪಾದದ್ದೇ ಅದರಿಂದ. ಬೆಳ್ತಂಗಡಿ ತಾಲೂಕಿನ ಮೂಡು ದಿಕ್ಕಿಗೆ ಗೋಡೆಯ ಹಾಗೆ ನಿಂತ ಕುದುರೆಮುಖದ ಅದಿರು ಕೂಡ ಅದೇ ಜಾತಿ, ಬಣ್ಣ ಮಾತ್ರ ಕಪ್ಪು. ಆ ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕದಡಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಇಳಿಸುತ್ತಿದ್ದರು. 2005ರ ಡಿಸೆಂಬರ್ ಕೊನೆಗೆ ಗಣಿ ನಿಂತಿತು. ಅದರ ಬೆನ್ನಿಗೇ ಬಳ್ಳಾರಿ ಅದಿರಿನ ಲಾರಿಗಳು ಶಿರಾಡಿ ಘಾಟಿಯಲ್ಲಿ ಸಾಲುಗಟ್ಟಿ ಇಳಿದು, ರಸ್ತೆಯನ್ನು ಗದ್ದೆ ಮಾಡಿ, ಮರದೆಲೆಗೂ ಮನೆಗೂ ಕೆಂಪು ಬಳಿದದ್ದನ್ನು ನೆಲ್ಯಾಡಿ, ಗುಂಡ್ಯದವರು ಮರೆತಿರಲಾರರು. 2010ರ ಜುಲೈಯಲ್ಲಿ ರಾಜ್ಯ ಸರಕಾರ ಅದಿರು ರಫ್ತಿಗೆ ತಡೆ ಹಾಕಿತು. ಅದು ಮಣ್ಣಿನಿಂದ ಅಗೆದ ಕೆಂಪು. ಇಲ್ಲಿ ಹೇಳಹೊರಟದ್ದು ಕಾರ್ಖಾನೆಯೊಳಗೆ ಹುಟ್ಟುವ ಕೆಂಪಿನ ಕತೆ.

ಹುಣಸೆಹುಳಿಯ ಸ್ನಾನ

ಹಿತ್ತಾಳೆ ಹಂಡೆ ಕಪ್ಪಾದರೆ ಮನೆಯಲ್ಲಿ ಅಮ್ಮ ಎಂತ ಮಾಡುತ್ತಾರೆ? ಹುಣಸೆಹುಳಿ ಹಾಕಿ ತಿಕ್ಕುತ್ತಾರೆ. ಹುಳಿಗೆ ಕಿಲುಬು ಬಿಡುತ್ತದೆ, ಹಂಡೆ ಹೊಳೆಯುತ್ತದೆ. ಉಕ್ಕಿನ ಕಾರ್ಖಾನೆಯಲ್ಲಿ ನಡೆಯುವುದೂ ಅದೇ ಕೆಲಸ, ದೊಡ್ಡ ರೀತಿಯಲ್ಲಿ.

ಕೆಂಪಗೆ ಕಾಯಿಸಿದ ಉಕ್ಕನ್ನು ರೋಲರಿನಡಿ ಲಟ್ಟಿಸಿ ಹಾಳೆ ಮಾಡುವಾಗ ಗಾಳಿ ತಾಗಿ ಮೇಲೆ ಒಂದು ಸುಟ್ಟ ಪೊರೆ ಕಟ್ಟುತ್ತದೆ. ಆ ಪೊರೆ ಇದ್ದರೆ ಹಾಳೆಯನ್ನು ಇನ್ನಷ್ಟು ತೆಳು ಮಾಡಲಾಗದು, ಸತುವಿನ ಲೇಪವೂ ಹಿಡಿಯದು. ಆದುದರಿಂದ ಹಾಳೆಯನ್ನು ಹೈಡ್ರೋಕ್ಲೋರಿಕ್ ಆಸಿಡಿನ ತೊಟ್ಟಿಯಲ್ಲಿ ಹಾಯಿಸುತ್ತಾರೆ. ಇದಕ್ಕೆ ಪಿಕ್ಲಿಂಗ್ ಅಂತ ಹೆಸರು. ಇಂಗ್ಲಿಷಿನವರು ಉಪ್ಪಿನಕಾಯಿ ಹಾಕುವುದಕ್ಕೂ ಇದೇ ಮಾತು ಹೇಳುತ್ತಾರೆ!

ಹಾಳೆ ಶುಚಿಯಾಯಿತು. ಆಸಿಡು? ಅದು ಕಬ್ಬಿಣವನ್ನು ನುಂಗಿ ನುಂಗಿ ಹಸಿರು ಬಣ್ಣಕ್ಕೆ ತಿರುಗಿ, ಖಾರ ಕಳೆದುಕೊಂಡು ಕೂತಿತು. ಇದನ್ನು ಎಲ್ಲಿ ಚೆಲ್ಲುವುದು? ತೋಡಿಗೆ ಬಿಟ್ಟರೆ ಮೀನು ಸತ್ತೀತು, ಬಾವಿ ಕೆಟ್ಟೀತು. ಸುಣ್ಣ ಹಾಕಿ ತಣಿಸಿದರೆ ರಾಶಿ ರಾಶಿ ಕೆಸರು, ಅದನ್ನು ಹೂಳಲು ಜಾಗ ಬೇಕು. ಹಿಂದೆ ಎಲ್ಲಾ ಕಡೆಯೂ ಇದೇ ತಲೆನೋವು.

ಪರಿಹಾರ ಹೀಗೆ. ಹಳೆ ಆಸಿಡನ್ನು 500 ಡಿಗ್ರಿಗೂ ಮೀರಿ ಕಾದ ಎತ್ತರದ ಒಲೆಯೊಳಗೆ ಮೇಲಿನಿಂದ ತುಂತುರು ಮಳೆಯ ಹಾಗೆ ಸಿಂಪಡಿಸುತ್ತಾರೆ. ಆಸಿಡು ಹಬೆಯಾಗಿ ಮೇಲೆ ಹೋಗುತ್ತದೆ. ಅದನ್ನು ನೀರಿನಲ್ಲಿ ಹಿಡಿದು ಪುನಃ ತೊಟ್ಟಿಗೆ ಕಳುಹಿಸುತ್ತಾರೆ. ಅದರಲ್ಲಿದ್ದ ಕಬ್ಬಿಣ ಕೆಂಪು ಪುಡಿಯಾಗಿ ಒಲೆಯ ಅಡಿಗೆ ಬೀಳುತ್ತದೆ. ಒಂದೇ ಏಟಿಗೆ ಎರಡು ಲಾಭ: ಆಸಿಡೂ ಸಿಕ್ಕಿತು, ಸರಕೂ ಸಿಕ್ಕಿತು. ನೂರು ಕಿಲೋ ಪುಡಿಯಲ್ಲಿ ಸುಮಾರು 70 ಕಿಲೋ ಕಬ್ಬಿಣ, ಉಳಿದದ್ದು ಆಮ್ಲಜನಕ. ಸುಲಭದಲ್ಲಿ ಹೇಳುವುದಾದರೆ ಶುದ್ಧ ಮಾಡಿದ ತುಕ್ಕು!

ನಮ್ಮ ರಾಜ್ಯದಲ್ಲಿ ಇಂಥ ಘಟಕ ನೋಡಬೇಕಾದರೆ ಬಳ್ಳಾರಿ ಜಿಲ್ಲೆ ಸಂಡೂರು ತಾಲೂಕಿನ ತೋರಣಗಲ್ಲಿಗೆ ಹೋಗಬೇಕು. ಅಲ್ಲಿ ಉಕ್ಕಿನ ಕಾರ್ಖಾನೆಗೆಂದು 1971ರಲ್ಲಿ ಪ್ರಧಾನಿ ಇಂದಿರಾ ಗಾಂಧಿ ಶಿಲಾನ್ಯಾಸ ಮಾಡಿದರು. ಕಲ್ಲು ಕಲ್ಲಾಗಿಯೇ ಇಪ್ಪತ್ತು ವರ್ಷ ಕಳೆಯಿತು. 1994ರಲ್ಲಿ ಜಿಂದಾಲ್ ವಿಜಯನಗರ ಸ್ಟೀಲ್ ಎಂಬ ಖಾಸಗಿ ಕಂಪೆನಿ ಹುಟ್ಟಿದ ಮೇಲಷ್ಟೇ ಕೆಲಸ ನಡೆದದ್ದು. ಅದೇ ಈಗಿನ ಜೆಎಸ್‌ಡಬ್ಲ್ಯು. ಅಲ್ಲಿನ ಕೋಲ್ಡ್ ರೋಲಿಂಗ್ ಮಿಲ್ಲಿನಲ್ಲಿ ಹಾಳೆ ಆಸಿಡಿನಲ್ಲಿ ಸ್ನಾನ ಮಾಡುತ್ತದೆ, ಆಸಿಡು ಮರಳಿ ತೊಟ್ಟಿಗೆ ಬರುತ್ತದೆ, ಕೆಂಪು ಪುಡಿ ಚೀಲ ಸೇರುತ್ತದೆ.

ವಿಶ್ವೇಶ್ವರಯ್ಯನವರ ಪಾಠ

ಕಸದಿಂದ ರಸ ತೆಗೆಯುವ ಬುದ್ಧಿ ಕನ್ನಡ ನಾಡಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಶುರು ಮಾಡಿದಾಗ ಅಲ್ಲಿ ಕಲ್ಲಿದ್ದಲು ಇರಲಿಲ್ಲ, ಮರದ ಇದ್ದಲೇ ಗತಿ. ಮರವನ್ನು ಸುಮ್ಮನೆ ಸುಟ್ಟು ಹೊಗೆಯನ್ನು ಆಕಾಶಕ್ಕೆ ಬಿಟ್ಟಿದ್ದರೆ ಕೇಳುವವರು ಯಾರಿದ್ದರು? ಆದರೆ ಅಲ್ಲಿ ಹಾಗೆ ಮಾಡಲಿಲ್ಲ. ಮರವನ್ನು ಮುಚ್ಚಿದ ಪಾತ್ರೆಯಲ್ಲಿ ಬೇಯಿಸಿ, ಹೊಗೆಯನ್ನು ತಣಿಸಿ, ಅದರಿಂದ ಮರದ ಸ್ಪಿರಿಟ್ಟು, ಡಾಮರು ಮುಂತಾದ್ದನ್ನು ತೆಗೆದು ಮಾರಿದರು. ಕುಲುಮೆಯಿಂದ ಬಂದ ಕಿಟ್ಟಕ್ಕೂ ದಾರಿ ಹುಡುಕಿ, ಮುಂದೆ ಅಲ್ಲೇ ಸಿಮೆಂಟಿನ ಕಾರ್ಖಾನೆಯೂ ಬಂತು. ಸರ್ ಎಂ. ವಿಶ್ವೇಶ್ವರಯ್ಯನವರು ಆ ಕಾರ್ಖಾನೆಯ ಮಂಡಳಿಯ ಮುಖ್ಯಸ್ಥರಾಗಿದ್ದವರು. ಕಬ್ಬಿಣದ ದರ ಬಿದ್ದ ವರ್ಷಗಳಲ್ಲಿ ಇಂಥ ಚಿಲ್ಲರೆ ಸರಕೂ ಬೇಕೇ ಬೇಕು ಎಂಬುದು ವ್ಯಾಪಾರ ಬಲ್ಲವರಿಗೆ ಹೇಳಬೇಕಾದ ಮಾತಲ್ಲ.

ಹಾಲಿನ ಸೊಸೈಟಿಯ ಲೆಕ್ಕ

ಈ ಪುಡಿಯ ವ್ಯಾಪಾರದಲ್ಲಿ ಒಂದು ವಿಚಿತ್ರ ಉಂಟು. ಬೇರೆ ಸರಕಾದರೆ ಗಿರಾಕಿ ಕಡಮೆಯಾದಾಗ ಮಾಡುವುದನ್ನೂ ಕಡಮೆ ಮಾಡಬಹುದು. ಇದಕ್ಕೆ ಆ ಸ್ವಾತಂತ್ರ್ಯ ಇಲ್ಲ. ಶೀಟು ಓಡುವಷ್ಟು ಹೊತ್ತೂ ಪುಡಿ ಬೀಳುತ್ತಲೇ ಇರುತ್ತದೆ. ಮನೆಯ ದನ ಹಾಲು ಕೊಡುವುದಕ್ಕೂ ಪೇಟೆಯ ದರಕ್ಕೂ ಸಂಬಂಧ ಉಂಟಾ? ಹೊತ್ತಿಗೆ ಕರೆಯಲೇಬೇಕು, ಸೊಸೈಟಿಗೆ ಕೊಂಡುಹೋಗಲೇಬೇಕು. ಹಾಗೆಯೇ ಇಲ್ಲಿಯೂ. ಚೀಲ ಎತ್ತುವವರು ಬಾರದಿದ್ದರೆ ಗೋದಾಮು ತುಂಬುತ್ತದೆ. ಗೋದಾಮು ತುಂಬಿದರೆ ಆಸಿಡಿನ ಒಲೆ ನಿಲ್ಲಬೇಕು. ಒಲೆ ನಿಂತರೆ ಕೊನೆಗೆ ಶೀಟಿನ ಮಿಲ್ಲಿಗೇ ಕುತ್ತು.

ಆದುದರಿಂದ ನಡುವೆ ಒಬ್ಬ ಸರಬರಾಜುದಾರ ಬೇಕು. ಪುಡಿ ಹಗುರ. ಲಾರಿ ತುಂಬಿದರೂ ತೂಕ ಕೂಡುವುದಿಲ್ಲ, ಬಾಡಿಗೆ ಮಾತ್ರ ಪೂರ್ತಿ. ಒದ್ದೆಯಾದರೆ ಗಂಟು ಕಟ್ಟುತ್ತದೆ, ಚೀಲ ಹರಿದರೆ ದಾರಿಯೆಲ್ಲಾ ಕೆಂಪು. ಅದನ್ನು ಎತ್ತಿ, ಪರೀಕ್ಷೆ ಮಾಡಿಸಿ, ದರ್ಜೆ ಬೇರೆ ಮಾಡಿ, ಬೇಕಾದವರಿಗೆ ಬೇಕಾದ್ದನ್ನು ಹೇಳಿದ ದಿನ ಮುಟ್ಟಿಸುವುದೇ ಇವನ ಕಸುಬು. ಸಣ್ಣ ಕೆಲಸವಲ್ಲ.

ಯಾಕೆಂದರೆ ಎಲ್ಲಾ ಕೆಂಪೂ ಒಂದೇ ಅಲ್ಲ. ಅಯಸ್ಕಾಂತ ಮಾಡುವವರಿಗೆ ಬಣ್ಣ ಹೇಗಿದ್ದರೂ ನಡೆದೀತು, ಅದರಲ್ಲಿ ಹೊಯಿಗೆಯ ಅಂಶ, ಉಪ್ಪಿನ ಅಂಶ ಇರಬಾರದು. 1930ರಲ್ಲಿ ಟೋಕಿಯೋದ ಕಾಟೋ, ತಾಕೆಯಿ ಎಂಬಿಬ್ಬರು ಐರನ್ ಆಕ್ಸೈಡಿಗೆ ಬೇರೆ ಲೋಹದ ಆಕ್ಸೈಡು ಬೆರೆಸಿ ಸುಟ್ಟು ಫೆರೈಟ್ ಎಂಬ ಹೊಸ ವಸ್ತು ಮಾಡಿದರು. ಮಡಕೆ ಸುಟ್ಟ ಹಾಗೆ ಸುಡುವ ಕೆಲಸ. ಇಂದು ಸ್ಪೀಕರಿನ ಹಿಂದಿನ ಕಪ್ಪು ಬಳೆ, ಗಾಡಿಯ ವೈಪರ್ ಮೋಟರಿನ ಅಯಸ್ಕಾಂತ, ಮೊಬೈಲ್ ಚಾರ್ಜರಿನೊಳಗಿನ ಸಣ್ಣ ತುಂಡು, ಎಲ್ಲವೂ ಆ ಬಳಗ. ಸ್ಪೀಕರಿಗೆ ಹಾಕುವ ಬಗೆಯಲ್ಲಿ ನೂರಕ್ಕೆ ಸುಮಾರು 90 ಪಾಲು ತೂಕ ಐರನ್ ಆಕ್ಸೈಡಿನದ್ದೇ.

ಬಣ್ಣ ಮಾಡುವವರಿಗೆ ಬೇರೆ ಚಿಂತೆ. ಈ ಚೀಲದ ಕೆಂಪೂ ಮುಂದಿನ ಚೀಲದ ಕೆಂಪೂ ಒಂದೇ ಇರಬೇಕು. ಇಲ್ಲವಾದರೆ ಅಂಗಳದ ಅರ್ಧ ಹೂವಿನ ಕೆಂಪು, ಅರ್ಧ ಇಟ್ಟಿಗೆಯ ಕೆಂಪು! ಆಸಿಡಿನಿಂದ ಬಂದ ಪುಡಿಯಲ್ಲಿ ಒಂದಿಷ್ಟು ಉಪ್ಪಿನಂಶ ಉಳಿದಿರುತ್ತದೆ. ಅದನ್ನು ತೊಳೆದು ತೆಗೆಯದೆ ಸರಳು ಹಾಕಿದ ಕಾಂಕ್ರೀಟಿಗೆ ಬೆರೆಸಬಾರದು. ಕಡಲ ಹೊಯಿಗೆಯಲ್ಲಿ ಕಟ್ಟಿದ ಮನೆಯ ಸರಳು ಏನಾಗುತ್ತದೆ ಎಂಬುದು ಕರಾವಳಿಯವರಿಗೆ ಚೆನ್ನಾಗಿ ಗೊತ್ತು.

ಚೀಟಿ ಇಲ್ಲದ ಚೀಲ

ಈಗ ನಮ್ಮ ಪೇಟೆಗೆ ಬರೋಣ. ಅಂಗಡಿಯಲ್ಲಿ ನಡೆಯುವ ಮಾತು ಸಾಧಾರಣ ಹೀಗಿರುತ್ತದೆ.

“ಧಣಿಗಳೇ, ಕಾವಿ ಪುಡಿ ಉಂಟಾ?”

“ಉಂಟು ಮೇಸ್ತ್ರಿ. ಇದು ಒಂದು ದರದ್ದು, ಅದು ಅದಕ್ಕೂ ಕಡಮೆಯದ್ದು.”

“ವ್ಯತ್ಯಾಸ ಎಂತ?”

“ವ್ಯತ್ಯಾಸ ದರದ್ದೇ.”

ಮೇಸ್ತ್ರಿ ಕಡಮೆಯದ್ದನ್ನೇ ಕಟ್ಟಿಸುತ್ತಾನೆ. ಚೀಲದ ಮೇಲೆ ಮಾಡಿದವನ ಹೆಸರಿಲ್ಲ, ದರ್ಜೆ ಇಲ್ಲ, ತಾರೀಕಿಲ್ಲ. ಒಂದು ಮಳೆಗಾಲ ಕಳೆದು ಎರಡನೆಯದು ಬರುವಷ್ಟರಲ್ಲಿ ಅಂಗಳದ ಕೆಂಪು ತೊಳೆದು ಹೋಗಿ ಬೂದು ಕಾಣುತ್ತದೆ. ಆಗ ಯಜಮಾನರು ಮೇಸ್ತ್ರಿಗೆ ಬೈಯುವುದು, ಮೇಸ್ತ್ರಿ ಸಿಮೆಂಟಿಗೆ ಬೈಯುವುದು, ಅಂಗಡಿಯವರು ಬಿಸಿಲಿಗೆ ಬೈಯುವುದು.

ಬಿಸಿಲಿನ ತಪ್ಪು ಇಲ್ಲ ಸ್ವಾಮಿ. ಐರನ್ ಆಕ್ಸೈಡ್ ಬಿಸಿಲಿಗೆ ಮಾಸುವ ಬಣ್ಣವೇ ಅಲ್ಲ. ಅದು ಆಗಲೇ ತುಕ್ಕಾಗಿ ಮುಗಿದ ವಸ್ತು, ಇನ್ನು ಕೆಡುವುದಕ್ಕೆ ಏನೂ ಉಳಿದಿಲ್ಲ. ಹಳೆ ಮನೆಯ ಚಾವಡಿಯ ಕಾವಿ ನೆಲ ಅಜ್ಜನ ಕಾಲದಿಂದ ಮೊಮ್ಮಗನ ಕಾಲದವರೆಗೆ ಕನ್ನಡಿಯ ಹಾಗೆ ಹೊಳೆಯುವುದನ್ನು ಕಾಣುವುದಿಲ್ಲವೇ? ಬಣ್ಣ ಹೋಯಿತು ಅಂತಾದರೆ ಕೆಲಸ ಕೆಟ್ಟಿರಬೇಕು, ಇಲ್ಲವೇ ಪುಡಿಯಲ್ಲಿ ಆಕ್ಸೈಡಿಗಿಂತ ಸೀಮೆಸುಣ್ಣ, ಇಟ್ಟಿಗೆ ಹುಡಿ, ಅಗ್ಗದ ರಂಗು ಹೆಚ್ಚಿರಬೇಕು.

ತಿಳಿಯುವುದು ಹೇಗೆ? ಒಂದು ಗಾಜಿನ ಲೋಟದಲ್ಲಿ ನೀರು, ಅದಕ್ಕೆ ಒಂದು ಚಮಚ ಪುಡಿ. ಚೆನ್ನಾಗಿ ಕದಡಿ ರಾತ್ರಿಯಿಡೀ ಬಿಡಿ. ಐರನ್ ಆಕ್ಸೈಡ್ ನೀರಿನಲ್ಲಿ ಕರಗದು. ಪುಡಿ ಅಡಿಗೆ ಕೂತು ಮೇಲಿನ ನೀರು ತಿಳಿಯಾಗಬೇಕು. ಬೆಳಗ್ಗೆ ನೋಡುವಾಗ ನೀರು ಶರಬತ್ತಿನ ಹಾಗೆ ಬಣ್ಣ ಹಿಡಿದು ನಿಂತಿದ್ದರೆ ಅದರಲ್ಲಿ ಕರಗುವ ರಂಗು ಬೆರೆತಿದೆ ಎಂದೇ ಲೆಕ್ಕ. ಇಟ್ಟಿಗೆ ಹುಡಿಯನ್ನು ಈ ಉಪಾಯದಿಂದ ಹಿಡಿಯಲಾಗದು, ಅದಕ್ಕೆ ಪ್ರಯೋಗಶಾಲೆಯೇ ಬೇಕು. ಆದರೂ ಅರ್ಧ ಕಳ್ಳರನ್ನಾದರೂ ಹಿಡಿದಂತಾಯಿತಲ್ಲ!

ಇನ್ನೊಂದು ಮಾತು. ಬಣ್ಣ ಗಾಢವಾಗಲಿ ಎಂದು ಇಂಟರ್‌ಲಾಕಿಗೆ ಪುಡಿ ಸುರಿಯುವವರುಂಟು. ಸಿಮೆಂಟಿನ ತೂಕದ ನೂರಕ್ಕೆ 5 ಪಾಲು ಸಾಕು, ಅಂದರೆ 50 ಕಿಲೋ ಚೀಲಕ್ಕೆ ಎರಡೂವರೆ ಕಿಲೋ. ನೂರಕ್ಕೆ 10 ಪಾಲು ಮೀರಿದರೆ ಬಣ್ಣವೂ ಏರದು, ಕಾಂಕ್ರೀಟಿನ ಬಲವೂ ಇಳಿದೀತು. ಕಾವಿ ನೆಲದ ತೆಳು ಮೇಲ್ಪದರದ ಲೆಕ್ಕ ಬೇರೆ. ಅದು ಹಳೆ ಮೇಸ್ತ್ರಿಗಳ ಕೈಗುಣ.

ಚೀಲ ಬಿಚ್ಚುವ ಕೆಲಸದವರನ್ನೂ ಮರೆಯಬಾರದು. ಈ ಪುಡಿ ವಿಷವಲ್ಲ ನಿಜ, ಆದರೆ ವರ್ಷಗಟ್ಟಲೆ ಶ್ವಾಸದಲ್ಲಿ ಒಳಗೆ ಹೋದರೆ ಪುಪ್ಪುಸದಲ್ಲಿ ಕಬ್ಬಿಣ ಕೂತುಕೊಳ್ಳುತ್ತದೆ. ಬೈರಾಸು ಸುತ್ತಿಕೊಂಡರೆ ಸಾಲದು, ಸರಿಯಾದ ಮಾಸ್ಕು ಕೊಡಬೇಕು. ಕೈಗಾರಿಕೆಯ ಪುಡಿಯನ್ನು ತಿಂಡಿಗಾಗಲಿ ಹಣೆಗಾಗಲಿ ಮುಟ್ಟಿಸಲೂಬಾರದು.

ಯಾರು ಕೇಳಬೇಕು?

“ನೂರಿನ್ನೂರು ರೂಪಾಯಿಯ ಪುಡಿಗೆ ಇಷ್ಟೆಲ್ಲಾ ಪುರಾಣವಾ?” ಎಂದು ಕೇಳುವವರಿರಬಹುದು. ಪುರಾಣಕ್ಕೆ ಕಾರಣ ಉಂಟು. ಖರ್ಚಾದ ಆಸಿಡು ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದರ ವಿಲೇವಾರಿಗೆ 2016ರ ನಿಯಮಗಳಿವೆ, ನೋಡಿಕೊಳ್ಳಲು ಮಾಲಿನ್ಯ ನಿಯಂತ್ರಣ ಮಂಡಳಿ ಇದೆ. ಆದರೆ ಆ ಆಸಿಡು ತೋಡಿಗೆ ಹೋಗುವುದೋ ಒಲೆಗೆ ಹೋಗುವುದೋ ಎಂಬುದನ್ನು ಕಾನೂನೊಂದೇ ತೀರ್ಮಾನಿಸುವುದಿಲ್ಲ. ಕೊನೆಯಲ್ಲಿ ಬೀಳುವ ಪುಡಿಗೆ ನ್ಯಾಯದ ದರ ಕೊಡುವ ಗಿರಾಕಿ ಇದ್ದರೆ ಒಲೆಯ ಖರ್ಚಿನಲ್ಲಿ ಒಂದು ಪಾಲು ಹುಟ್ಟುತ್ತದೆ. ಸುಣ್ಣದ ಹುಡಿಗೆ ರಂಗು ಬೆರೆಸಿದವನೇ ಪೇಟೆ ಗೆದ್ದರೆ ಸರಿಯಾಗಿ ಮಾಡುವವನಿಗೆ ಎಂತ ಉಳಿಯಿತು? ನೇತ್ರಾವತಿಯ ನೀರು ಕುಡಿಯುವ ನಮಗೆ ಇದು ದೂರದ ಸಂಗತಿಯಲ್ಲ. ಹೊಳೆ ಯಾವ ಊರಿನದ್ದಾದರೂ ಹೊಳೆಯೇ.

ಹಾಗಾಗಿ ಕೊಕ್ಕಡದ ವರ್ತಕ ಮಿತ್ರರಲ್ಲಿ ಒಂದೇ ವಿನಂತಿ. ಮಂಗಳೂರಿನಿಂದಲೋ ಪುತ್ತೂರಿನಿಂದಲೋ ಕಾವಿ ತರಿಸುವಾಗ ಚೀಲದ ಮೇಲೆ ಮಾಡಿದವರ ಹೆಸರು, ದರ್ಜೆ, ತೂಕ ಇರುವುದನ್ನೇ ಕೇಳಿ ತರಿಸಿ. ಆಕ್ಸೈಡು ನೂರಕ್ಕೆ ಎಷ್ಟು ಪಾಲು ಎಂಬ ಪರೀಕ್ಷೆಯ ಚೀಟಿ ಇದ್ದರೆ ಇನ್ನೂ ಒಳ್ಳೆಯದು. ಪಂಚಾಯತಿನ ಕಾಮಗಾರಿಗೆ ಇಂಟರ್‌ಲಾಕ್ ಹಾಕಿಸುವವರೂ ಬಿಲ್ಲು ಪಾಸು ಮಾಡುವ ಮೊದಲು ಬಣ್ಣದ ಚೀಟಿಯನ್ನು ಒಮ್ಮೆ ಕೇಳಲಿ. ಕೇಳುವುದಕ್ಕೆ ದುಡ್ಡು ಬೇಡ.

ಮದುವೆಗೆ ಹುಡುಗನ ಕುಲಗೋತ್ರ ಕೇಳುತ್ತೇವೆ. ಅಡಿಕೆಗೆ ಹೊಸತೋ ಹಳತೋ ಎಂದು ಕೊಯ್ದು ನೋಡುತ್ತೇವೆ. ಐವತ್ತು ವರ್ಷ ಮೆಟ್ಟಿ ನಡೆಯಬೇಕಾದ ನೆಲದ ಬಣ್ಣ ಎಲ್ಲಿಂದ ಬಂತು ಎಂದು ಮಾತ್ರ ಕೇಳುವುದಿಲ್ಲ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ? ಈ ಸಲ ಸಂಬಂಧಪಟ್ಟವರೆಂದರೆ ಚೀಲ ಮಾರುವವರು, ಚೀಲ ಕೊಳ್ಳುವವರು, ಅಂದರೆ ನಾವೂ ನೀವೂ.