ಮೂಲಂಗಿಯ ನೆಂಟರಿಷ್ಟರು

ರೂಪವನ್ನು ಕಂಡು ನೆಂಟಸ್ತನವನ್ನು ನಿರ್ಣಯಿಸಹೊರಟರೆ ತರಕಾರಿಗಳ ವಿಷಯದಲ್ಲಿ ನಾವು ಮೋಸಹೋಗುತ್ತೇವೆ. ಮೂಲಂಗಿ, ಗಜ್ಜರಿ, ಬೀಟ್‌ರೂಟ್ ಮೂರೂ ನೆಲದೊಳಗೆ ಬೆಳೆಯುವ ಗೆಡ್ಡೆಗಳೇ. ಆದರೆ ಗಜ್ಜರಿ ಕೊತ್ತಂಬರಿ, ಜೀರಿಗೆಗಳ ಕುಲಕ್ಕೆ ಸೇರಿದುದು. ಬೀಟ್‌ರೂಟ್ ಪಾಲಕ್ ಸೊಪ್ಪಿನ ಕುಲದ್ದು. ಮೂಲಂಗಿಯ ನಿಜವಾದ ಬಂಧುವೆಂದರೆ ಎಲೆಕೋಸು!

ಇದಕ್ಕೆ ಸಾಕ್ಷಿ ಹೂವು. ಮೂಲಂಗಿಯನ್ನು ಕೀಳದೆ ಬಿಟ್ಟರೆ ಕೆಲಕಾಲದಲ್ಲಿ ಹೂಗೊಂಚಲು ಮೇಲೇಳುತ್ತದೆ. ಪ್ರತಿ ಹೂವಿನಲ್ಲಿ ಶಿಲುಬೆಯಾಕಾರದ ನಾಲ್ಕು ಎಸಳುಗಳು, ಆರು ಕೇಸರಗಳು. ಅವುಗಳಲ್ಲಿ ನಾಲ್ಕು ಉದ್ದ, ಎರಡು ಗಿಡ್ಡ. ಕೋಸು, ಸಾಸಿವೆ, ಟರ್ನಿಪ್‌ಗಳ ಹೂವಿನ ರಚನೆಯೂ ಇದೇ. ಇವುಗಳನ್ನು ಹೆಚ್ಚಿದಾಗ ಅಥವಾ ಅರೆದಾಗ ಹೊಮ್ಮುವ ಘಾಟಿಗೂ ಒಂದೇ ಬಗೆಯ ಗಂಧಕಯುಕ್ತ ವಸ್ತುಗಳು ಕಾರಣ.

ಒಂದೇ ಕುಲದೊಳಗೂ ಹತ್ತಿರ ದೂರಗಳುಂಟಷ್ಟೆ. ಎಲೆಕೋಸು, ಹೂಕೋಸು, ನವಿಲುಕೋಸುಗಳು ಒಡಹುಟ್ಟಿದವರು. ಒಂದೇ ಕಾಡುಗಿಡದಿಂದ ಮಾನವನು ಬೆಳೆಸಿಕೊಂಡ ಬೇರೆ ಬೇರೆ ರೂಪಗಳು. ಒಂದರಲ್ಲಿ ಎಲೆಮೊಗ್ಗು, ಇನ್ನೊಂದರಲ್ಲಿ ಹೂಗೊಂಚಲು, ಮತ್ತೊಂದರಲ್ಲಿ ಕಾಂಡ ಕೊಬ್ಬಿದೆ. ಸಾಸಿವೆ, ಟರ್ನಿಪ್‌ಗಳು ಅದೇ ಮನೆತನದ ದಾಯಾದಿಗಳು. ಮೂಲಂಗಿಯಾದರೋ ಬೇರೆ ಮನೆ ಹೂಡಿದ ಬಂಧು. ಅದರ ಮಾಗಿದ ಕಾಯಿ ಸಾಸಿವೆಯ ಕಾಯಿಯಂತೆ ಎರಡು ಹೋಳಾಗಿ ಬಿರಿಯದು. ಬೀಜಕ್ಕಾಗಿ ಅದನ್ನು ಒಡೆಯಬೇಕು.

ಈ ಎರಡು ಮನೆಗಳ ನಡುವೆ ಸಂಬಂಧ ಬೆಳೆಸಿ ನೋಡಿದವನು ರಷ್ಯದ ವಿಜ್ಞಾನಿ ಕಾರ್ಪೆಚೆಂಕೊ. 1920ರ ದಶಕದಲ್ಲಿ ಆತ ಮೂಲಂಗಿಯನ್ನೂ ಎಲೆಕೋಸನ್ನೂ ಸಂಕರಗೊಳಿಸಿದ. ಎರಡರ ಜೀವಕೋಶಗಳಲ್ಲೂ 18 ವರ್ಣತಂತುಗಳಿರುವುವು. ಆದರೂ ಹುಟ್ಟಿದ ಗಿಡಗಳು ಬಹುಮಟ್ಟಿಗೆ ಬಂಜೆಯಾದವು. ಎರಡು ಕಡೆಯ ವರ್ಣತಂತುಗಳು ಜೊತೆಗೂಡಲಿಲ್ಲ. ಅಪರೂಪಕ್ಕೆ ದೊರೆತ ಕೆಲವು ಬೀಜಗಳಿಂದ 36 ವರ್ಣತಂತುಗಳುಳ್ಳ, ಬೀಜ ಕಟ್ಟಬಲ್ಲ ಹೊಸ ಸಸ್ಯವೇ ಉದಯಿಸಿತು. ಅದರಲ್ಲಿ ಮೂಲಂಗಿಯ ಗೆಡ್ಡೆಯೂ ಇರಲಿಲ್ಲ, ಕೋಸಿನ ತಲೆಯೂ ಇರಲಿಲ್ಲ. ಅಡುಗೆಮನೆಗೆ ನಿರುಪಯುಕ್ತವಾದರೂ ವಿಜ್ಞಾನಕ್ಕೆ ಅದು ದೊಡ್ಡ ಲಾಭ.

ಈ ಬಾಂಧವ್ಯವನ್ನು ಅರಿತು ರೈತನಿಗೆ ಆಗುವ ಪ್ರಯೋಜನವೇನು? ಬಂಧುಗಳಿಗೆ ಶತ್ರುಗಳೂ ಸಮಾನ ಎಂಬುದೇ ಉತ್ತರ. ಕೋಸಿನ ಎಲೆಯನ್ನು ತೂತುಮಾಡುವ ಹುಳು ಮೂಲಂಗಿ, ಸಾಸಿವೆಗಳನ್ನೂ ತಿನ್ನುತ್ತದೆ. ಬೇರುಗಳು ಗಂಟುಗಂಟಾಗಿ ಊದಿಕೊಳ್ಳುವ ರೋಗವೊಂದು ಈ ಕುಲವನ್ನೇ ಹಿಡಿಯುತ್ತದೆ. ಅದರ ರೋಗಾಣುವನ್ನು 1878ರಲ್ಲಿ ರಷ್ಯದ ವೊರೋನಿನ್ ವಿವರಿಸಿದನು. ಅದು ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ಜೀವ ಹಿಡಿದಿರಬಲ್ಲುದು. ಮೂಲಂಗಿಯ ಹಲವು ತಳಿಗಳು ಈ ರೋಗವನ್ನು ತಾಳಿಕೊಳ್ಳುವುವಾದರೂ ಕೋಸು ತಾಳಲಾರದು. ತಂಪಾದ, ತೇವವುಳ್ಳ, ಹುಳಿಮಣ್ಣಿನಲ್ಲಿ ಇದರ ಹಾವಳಿ ಅಧಿಕ. ನೀಲಗಿರಿಯ ಮಣ್ಣು ಅಂತಹುದೇ ಆದುದರಿಂದ ಅಲ್ಲಿಯ ನಮ್ಮ ಬೆಳೆಗಾರರು ವಿಶೇಷವಾಗಿ ಎಚ್ಚರವಹಿಸಬೇಕು.

ಆದುದರಿಂದ ಕೋಸು ಕಿತ್ತ ಪಾತಿಗೆ ಮೂಲಂಗಿ, ಮೂಲಂಗಿ ಕಿತ್ತ ಪಾತಿಗೆ ಸಾಸಿವೆ ಹಾಕಿದರೆ ಬೆಳೆ ಬದಲಾಯಿಸಿದಂತಾಗದು. ಹೆಸರು ಬದಲಾಯಿತು, ಕುಲ ಬದಲಾಗಲಿಲ್ಲ. ನಡುವೆ ಹುರುಳಿಕಾಯಿ, ಬಟಾಣಿ, ಗಜ್ಜರಿ, ಈರುಳ್ಳಿಗಳನ್ನು ಬೆಳೆದು, ಕಡಿಮೆಯೆಂದರೂ ಮೂರು ವರ್ಷ ಈ ಕುಲವನ್ನು ಆ ಪಾತಿಯಿಂದ ದೂರವಿಡುವುದು ಒಳಿತು. ರೋಗ ಕಂಡಿದ್ದರೆ ಇನ್ನೂ ಹೆಚ್ಚು ಕಾಲ. ಹುಳಿಮಣ್ಣಿಗೆ ಸುಣ್ಣ ಸೇರಿಸುವುದೂ ಹಿತಕರ. ಹಿತ್ತಿಲಲ್ಲಿ ಒಂದೆರಡು ಮೂಲಂಗಿಗಳನ್ನು ಹೂ ಬಿಡಲು ಉಳಿಸಿ, ಆ ನಾಲ್ಕು ಎಸಳುಗಳನ್ನು ಮಕ್ಕಳಿಗೆ ತೋರಿಸಿರಿ. ಮುಂದೆ ಯಾವ ಪಾತಿಗೆ ಏನನ್ನು ಹಾಕಬಾರದೆಂಬುದನ್ನು ಅವರೇ ಹೇಳುವರು.